ಹೆಬ್ಬೆರಳಿಗೆ ಎರಡು ತಂತಿ

ನನ್ನ ಫೋನಿಗೆ ನನ್ನ ಹೆಸರು ಗೊತ್ತಿಲ್ಲ, ವಯಸ್ಸು ಗೊತ್ತಿಲ್ಲ, ಜಾಲಹಳ್ಳಿಯ ನಮ್ಮ ಬೀದಿಯಲ್ಲಿ ನನಗಿರುವ ಘನತೆಯಂತೂ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ನನ್ನ ಬಲಗೈ ಹೆಬ್ಬೆರಳು ಮಾತ್ರ. ಅದನ್ನು ಒತ್ತಿದರೆ ತೆರೆದುಕೊಳ್ಳುತ್ತದೆ, ಬೇರೆ ಯಾವ ಬೆರಳಿಟ್ಟರೂ ಪರರ ಮನೆಯ ನಾಯಿಯಂತೆ ಗುರ್ ಎಂದು ಸುಮ್ಮನಾಗುತ್ತದೆ. ಮೊಮ್ಮಗಳು ಸಿಂಚನಾ ಈ ಏರ್ಪಾಡು ಮಾಡಿಕೊಟ್ಟು, ಕನ್ನಡದಲ್ಲಿ ಟೈಪ್ ಮಾಡುವುದನ್ನೂ ಕಲಿಸಿದಳು. ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ ಮಾತೇ ಮರೆತುಹೋಗುತ್ತಿತ್ತಾದರೂ, ಬೀದಿಯ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ನನ್ನ ಬರಹಕ್ಕೆ ಕೈಮುಗಿಯುವ ಚಿತ್ರಗಳು ಬರತೊಡಗಿದ್ದವು. ಸಾಹಿತಿಯಾಗಲು ಇನ್ನೇನು ಬೇಕು? ಅಷ್ಟರಲ್ಲಿ ಆ ಹೆಬ್ಬೆರಳೇ ಮುರಿಯಿತು.

ನನ್ನ ವಯಸ್ಸಿನವರ ಮೂಳೆ ಮುರಿದರೆ ಜನ ಕಾರಣವನ್ನು ತಾವೇ ಸಿದ್ಧಪಡಿಸಿಕೊಂಡು ಬರುತ್ತಾರೆ. "ಬಚ್ಚಲಲ್ಲಿ ಜಾರಿದ್ರಾ?" ಎನ್ನುತ್ತಾರೆ. ಇಲ್ಲ, ಥ್ರೋಬಾಲ್ ಎಂದರೆ, "ನೋಡೋಕೆ ಹೋಗಿದ್ರಾ?" ಎನ್ನುತ್ತಾರೆ. ಆಡಲು ಹೋಗಿದ್ದೆ ಕಣ್ರೀ. ಸಂಜೆ ನಮ್ಮ ಪಾರ್ಕಿನಲ್ಲಿ, ಚೂಡಿದಾರದ ಮೇಲೆ ಶೂ ತೊಟ್ಟು ನಾವು ಆಡುವ ಆಟವನ್ನು ನೀವೊಮ್ಮೆ ಬಂದು ನೋಡಬೇಕು. ಮಂಡಿನೋವಿನ ಮಾತು ಆಟದ ನಡುವೆ ನಿಷಿದ್ಧ. ಎದುರು ತಂಡದಲ್ಲಿ ಅಬ್ಬಿಗೆರೆಯ ಗೌರಮ್ಮ. ಅವರ ರಾಗಿ ಹೊಲವಿದ್ದ ಕಡೆ ಈಗ ಅವರದೇ ನಾಲ್ಕಂತಸ್ತಿನ ಕಟ್ಟಡಗಳೆದ್ದಿವೆ. ಹೊಲ ಹೋದರೂ ತೋಳಿನ ಕಸುವು ಹೋಗಿಲ್ಲ. ಆಕೆ ಎಸೆದ ಚೆಂಡು ನನ್ನ ಹೆಬ್ಬೆರಳನ್ನು ಹಿಂದಕ್ಕೆ ಮಡಚಿಕೊಂಡೇ ಬಂತು. ಚೆಂಡನ್ನು ನಾನು ಬಿಡಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

"ಏನಿಲ್ಲ ಕಣಕ್ಕ, ಉಳುಕೈತೆ ಅಷ್ಟೆ. ಇಂಗೆ ಒಂದ್ ಪಟ್ಟು ಆಕುದ್ರೆ ಬೆಳಗಾನಕ್ಕೆ ಸರಿ ಓಯ್ತದೆ" ಎಂದರು ಗೌರಮ್ಮ. ಪಟ್ಟು ಹಾಕಲು ಉದ್ದಿನ ಹಿಟ್ಟಿಗೆ ಕೋಳಿಮೊಟ್ಟೆಯ ಬಿಳಿ ಬೆರೆಸಬೇಕಂತೆ. ನಮ್ಮ ಮನೆಯೊಳಗೆ ಮೊಟ್ಟೆ ಬರುವಂತಿಲ್ಲವಾದ್ದರಿಂದ, ನನ್ನ ಆಚಾರಕ್ಕೂ ಆಕೆಯ ಉಪಚಾರಕ್ಕೂ ರಾಜಿಯಾಗಿ ಬರೀ ಉದ್ದಿನ ಹಿಟ್ಟನ್ನು ಕಲಸಿ ಮೆತ್ತಲಾಯಿತು. ಚೆಂಡು ಎಸೆದವರೂ ಅವರೇ, ಪಟ್ಟು ಹಾಕಿದವರೂ ಅವರೇ; ಇಂಥ ವಿರೋಧಪಕ್ಷ ಎಲ್ಲಿ ಸಿಕ್ಕೀತು? ಬೆಳಗಾಗುವಷ್ಟರಲ್ಲಿ ಹಿಟ್ಟು ಒಣಗಿತ್ತು, ಬೆರಳು ಬಾಳೆಕಾಯಿಯಾಗಿತ್ತು.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಆ ಹಿಟ್ಟನ್ನು ಮೆಲ್ಲಗೆ ಕೆರೆಯುತ್ತ, "ಅಜ್ಜಿ, ಇದೇನಿದು?" ಎಂದರು.

"ಉದ್ದಿನ ಹಿಟ್ಟು. ಕರಿದ್ರೆ ವಡೆ, ಮೆತ್ತಿದ್ರೆ ಔಷಧಿ" ಎಂದೆ.

ಅವರು ನಕ್ಕರು, ಆದರೆ ಎಕ್ಸ್‌ರೇ ನೋಡಿ ಗಂಭೀರರಾದರು. ಹೆಬ್ಬೆರಳಿನ ಬುಡದ ಮೂಳೆ ಕೀಲಿನೊಳಗೇ ಮುರಿದು ಪಕ್ಕಕ್ಕೆ ಸರಿದಿತ್ತು. "ಸ್ನಾಯು ಎಳೀತಾನೇ ಇರತ್ತೆ, ಬರೀ ಪ್ಲಾಸ್ಟರ್ ಹಾಕಿದ್ರೆ ಜಾಗದಲ್ಲಿ ನಿಲ್ಲಲ್ಲ. ಆಪರೇಷನ್ ಮಾಡಿ ತಂತಿ ಹಾಕ್ಬೇಕು. ಹಾಗೇ ಬಿಟ್ರೆ ಚಿಟಿಕೆ ಹಿಡಿಯೋ ಶಕ್ತಿ ಹೋಗ್ಬಹುದು, ಅಜ್ಜಿ."

ಚಿಟಿಕೆ ಎಂದೊಡನೆ ನನ್ನ ಕುಚೇಷ್ಟೆಯೆಲ್ಲ ಇಳಿದುಹೋಯಿತು. ಬೆರಳುಗಳಲ್ಲಿ ಉಂಗುರಕ್ಕೊಂದಿದೆ, ತೋರಿಸುವುದಕ್ಕೊಂದಿದೆ. ಹೆಬ್ಬೆರಳಿಗೆ ಆಭರಣವೂ ಇಲ್ಲ, ಆದರವೂ ಇಲ್ಲ. ಆದರೆ ಮದುವೆಯಾಗಿ ಬಂದಂದಿನಿಂದ ನಾನು ಬೆಳಗ್ಗೆ ಬಾಗಿಲಿಗೆ ಎಳೆದ ರಂಗೋಲಿಯೆಲ್ಲ ಆ ಹೆಬ್ಬೆರಳಿನ ಅಂಚಿನಿಂದಲೇ ಜಾರಿ ಬಿದ್ದದ್ದು. ನನ್ನ ರಂಗೋಲಿಯ ಎಳೆ, ಕೂದಲಿನಷ್ಟು ಸಣ್ಣ. ಇದು ಜಂಬವಲ್ಲ, ನಮ್ಮ ಬೀದಿಯ ಅಭಿಪ್ರಾಯ. ಓದು, ಹಾಡು ಯಾವುದರಲ್ಲೂ ಮುಂದೆ ಬಾರದ ನನಗೆ ನನ್ನದೆಂದು ಇದ್ದದ್ದು ಅದೊಂದೇ ವಿದ್ಯೆ.

ತೋಳನ್ನಷ್ಟೇ ಮರಗಟ್ಟಿಸಿ ಆಪರೇಷನ್ ಮಾಡಿದರು. ಎಚ್ಚರವಿದ್ದುದರಿಂದ ಪರದೆಯ ಮೇಲೆ ನನ್ನದೇ ಎಲುಬಿನ ಕೈಯನ್ನು ಕಂಡೆ. ಡಾಕ್ಟರು ಬೆರಳನ್ನು ಎಳೆದು, ಒತ್ತಿ, ಚೂರನ್ನು ಅದರ ಜಾಗಕ್ಕೆ ಕೂರಿಸಿ, ಸಣ್ಣ ತಂತಿಗಳೆರಡನ್ನು ತೂರಿಸಿದರು. ಹುಡುಗಿಯಾಗಿದ್ದಾಗ ನಾನು ಊಟದೆಲೆ ಹಚ್ಚಲು ಮುತ್ತುಗದ ಎಲೆಗೆ ಎಲೆ ಸೇರಿಸಿ ಕಡ್ಡಿ ಚುಚ್ಚುತ್ತಿದ್ದದ್ದೂ ಹೀಗೆಯೇ. ಎಲೆ ಹರಿಯಬಾರದು, ಕಡ್ಡಿ ಬಿಡಬಾರದು. "ಚೆನ್ನಾಗಿ ಹಚ್ತೀರಪ್ಪ" ಎಂದು ಮೆಚ್ಚಿಕೊಂಡೆ. ಏನೆಂದು ಅವರಿಗೆ ತಿಳಿಯಲಿಲ್ಲ, ಆದರೂ ಥ್ಯಾಂಕ್ಸ್ ಹೇಳಿದರು.

ಮನೆಗೆ ಬಂದರೆ ಪ್ಲಾಸ್ಟರಿನ ಕೈಗೆ ಫೋನೂ ತೆರೆಯದು, ರಂಗೋಲಿ ಡಬ್ಬಿಯ ಮುಚ್ಚಳವೂ ತೆರೆಯದು. ಸಿಂಚನಾ, "ಅಜ್ಜಿ, ಸ್ಟಿಕ್ಕರ್ ತರ್ತೀನಿ, ಅಂಟಿಸಿಬಿಟ್ರೆ ವರ್ಷ ಪೂರ್ತಿ ಇರತ್ತೆ" ಎಂದಳು. ವರ್ಷ ಪೂರ್ತಿ ಇರುವುದಕ್ಕೆ ಅದೇನು ರಂಗೋಲಿಯೇ, ಕ್ಯಾಲೆಂಡರೇ? ನಾನು ಮುಖ ಊದಿಸಿಕೊಂಡು ಕೂತೆ. ಮರುದಿನ ಬೆಳಗ್ಗೆ ಹೊರಗೆ ಬಂದರೆ ನಮ್ಮ ಯಜಮಾನರು ಹೊಸಿಲ ಮುಂದೆ ಕುಕ್ಕರುಗಾಲಿನಲ್ಲಿದ್ದರು. ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆದು ನಿವೃತ್ತರಾದವರು. ಥ್ರೋಬಾಲನ್ನು ಮೊದಲ ದಿನದಿಂದ ವಿರೋಧಿಸಿದವರು. ಪಕ್ಕದಲ್ಲಿ ಸ್ಕೇಲು. ಚುಕ್ಕಿಗಳು ಕವಾಯತಿಗೆ ನಿಂತ ಸಿಪಾಯಿಗಳಂತೆ ನೆಟ್ಟಗಿದ್ದವು. ಎಳೆಗಳು ಮಾತ್ರ ಪಾಯ ತೋಡಲು ಸುಣ್ಣ ಚೆಲ್ಲಿದಂತಿದ್ದವು.

"ನಗ್ಬೇಡ್ವೇ. ಈ ವಯಸ್ಸಲ್ಲಿ ಬಾಲ್ ಹಿಡಿಯೋಕೆ ಯಾರ್ ಹೇಳಿದ್ರು ನಿಂಗೆ?" ಎಂದು ಗದರುತ್ತಲೇ ಇನ್ನೊಂದು ಗೆರೆ ಎಳೆದರು.

ಹೆಬ್ಬೆರಳನ್ನು ದೇವರು ಉಳಿದ ನಾಲ್ಕರ ಸಾಲಿನಲ್ಲಿ ನಿಲ್ಲಿಸದೆ ಎದುರಿಗೆ ಯಾಕಿಟ್ಟನೆಂಬುದು ನನಗೆ ಆಗ, ಬಾಗಿಲಿಗೊರಗಿ ಅವರನ್ನು ನೋಡುತ್ತ ನಿಂತಾಗ, ತೋಚಿತು. ಎದುರು ನಿಲ್ಲುವುದೊಂದು ಇಲ್ಲದಿದ್ದರೆ ಕೈ ಏನನ್ನು ತಾನೇ ಹಿಡಿದೀತು? ಇದನ್ನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಮರುದಿನ ಎಳೆ ಇನ್ನೂ ದಪ್ಪವಾಗುತ್ತಿತ್ತು.

ತಂತಿ ತೆಗೆದ ಮೇಲೆ ಬೆರಳು ಒಣಗಿದ ನುಗ್ಗೆಕಾಯಿಯಂತೆ ಸೆಟೆದುಕೊಂಡಿತ್ತು. ವ್ಯಾಯಾಮ ಕಲಿಸುವ ಹುಡುಗಿ ಹಿಸುಕಲು ಅಂಟಂಟು ಮುದ್ದೆಯೊಂದನ್ನು ಕೊಟ್ಟಳು. ನಾನು ಮನೆಯಲ್ಲಿ ಚಪಾತಿ ಹಿಟ್ಟನ್ನೂ ಹಿಸುಕಿದೆ, ರಂಗೋಲಿ ಪುಡಿಯನ್ನೂ. ಪುಡಿ ಮೊದಲು ರಾಶಿಯಾಗಿ ಬಿತ್ತು, ಆಮೇಲೆ ಹನಿಹನಿಯಾಗಿ, ಕೊನೆಗೊಂದು ಬೆಳಗ್ಗೆ ಎಳೆಯಾಗಿ. ಮೊದಲಿನಷ್ಟು ಸಣ್ಣಗಿಲ್ಲ, ತುಸು ನಡುಗುತ್ತದೆ, ಆದರೆ ಎಳೆಯೇ. ಈಗ ಚುಕ್ಕಿ ಅವರದು, ಎಳೆ ನನ್ನದು.

ಫೋನು ಮಾತ್ರ ಒಪ್ಪಲಿಲ್ಲ. ಪ್ಲಾಸ್ಟರಿನೊಳಗೆ ಸಿಪ್ಪೆ ಸುಲಿದ ಹೆಬ್ಬೆರಳನ್ನು ಯಾರೋ ಏನೋ ಎಂಬಂತೆ ಗುರ್ ಎಂದಿತು. ಸಿಂಚನಾ ಹೊಸದಾಗಿ ಗುರುತು ಹಿಡಿಸಿದಳು. ಇನ್ನೊಂದು ಬೆರಳು ಸೇರಿಸಬೇಕೇ ಎಂದು ಫೋನೇ ಕೇಳಿತು. ಬಾಗಿಲಲ್ಲಿ ಚುಕ್ಕಿಯಿಡುತ್ತಿದ್ದ ಯಜಮಾನರನ್ನು ಕರೆದು, ಪುಡಿ ಒರೆಸಿ, ಅವರ ಹೆಬ್ಬೆರಳನ್ನು ಒತ್ತಿಸಿದೆ.

"ನಂದ್ಯಾಕೇ ಇದಕ್ಕೆ?" ಎಂದರು.

"ಸೋಮವಾರದಿಂದ ಮತ್ತೆ ಥ್ರೋಬಾಲ್ ಕಣ್ರೀ. ಯಾವುದಕ್ಕೂ ಒಂದಿರಲಿ."