ಸೋರುವ ಮೂಲೆಯ ಹೂವು

ಆ ವರ್ಷ ಯುಗಾದಿ ಮುಗಿದ ಮೇಲೆ ನಾನು ಜೇವರ್ಗಿಯ ತವರುಮನೆಯಿಂದ ಅಫಜಲಪುರದ ಹತ್ತಿರದ ನಮ್ಮ ಹಳ್ಳಿಗೆ ವಾಪಸು ಬಂದೆ. ಹೊಟ್ಟೆಯಲ್ಲಿದ್ದ ಕೂಸು ಐದನೇ ತಿಂಗಳಲ್ಲೇ ಹೋಗಿತ್ತು. ಅವ್ವ ಬಾಣಂತಿಗೆ ಮಾಡುವಂತೆಯೇ ಎಣ್ಣೆ ಹಚ್ಚಿ, ಎರೆದು, ಬಿಸಿಬಿಸಿ ಉಣಿಸಿ ಕಳಿಸಿದ್ದಳು. ಬಸ್ಸಿನಿಂದ ಇಳಿಯುವಾಗ ಅತ್ತೆ ನಿಂತಿದ್ದರು. ನನ್ನ ಕೈಚೀಲ ತಗೊಂಡು, "ಬಂದ್ಯಾ ಯವ್ವಾ" ಎಂದರು. ಮನೆ ಮುಟ್ಟುವ ತನಕ ಚೀಲ ನನ್ನ ಕೈಗೆ ಕೊಡಲಿಲ್ಲ.

ಮನೆಯಲ್ಲಿ ಅತ್ತೆ, ಮಾವ, ನಾನು, ಮೂವರೇ. ನನ್ನ ಗಂಡ ಆಳಂದದಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಬಂದಾಗ ಪೇಠೆಯಿಂದ ಏನಾದರೂ ತಿನಿಸು ತಂದು ನನ್ನ ಮುಂದಿಟ್ಟು ಸುಮ್ಮನೆ ಕೂರುತ್ತಿದ್ದರು. ನನಗಂತೂ ಮಾತೇ ಬೇಡವಾಗಿತ್ತು.

ಅತ್ತೆ ನನ್ನನ್ನು ಒಲೆಯ ಮುಂದೆ ಕೂಡಿಸಲಿಲ್ಲ, ಭಾಂಡಿ ತಿಕ್ಕಲು ಬಿಡಲಿಲ್ಲ. ಒಂದು ಬೆಳಿಗ್ಗೆ ಸಂಡಿಗೆ ಹಿಟ್ಟು ಕುದಿಸಿ, ಮಾಳಿಗೆಯ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಇಟ್ಟು ಬಂದರು.

"ಮ್ಯಾಲ ಹೋಗಿ ಕೂಡು. ಕಾಗಿ ಬರ್ತಾವ, ಕಾಯ್ಬೇಕು," ಎಂದರು.

ಹಿಂದಿನ ವರ್ಷ ಸಂಡಿಗೆ ಕಾಯಲು ಯಾರೂ ಕೂತಿರಲಿಲ್ಲ. ಒಂದು ಕೋಲಿಗೆ ಕರಿ ಅರಿವೆ ಕಟ್ಟಿ ನಿಲ್ಲಿಸಿದ್ದರು, ಅಷ್ಟೆ. ಅದು ನನಗೆ ನೆನಪಾದದ್ದು ಎಷ್ಟೋ ದಿನಗಳ ಮೇಲೆ.

ನಮ್ಮದು ಆಗ ಮಣ್ಣಿನ ಮಾಳಿಗೆ. ತೊಲೆ, ಜಂತಿ, ಅದರ ಮೇಲೆ ದಪ್ಪನಾಗಿ ತುಳಿದ ಮಣ್ಣು. ಪಕ್ಕದ ಮನೆಯ ಬೇವಿನ ಮರ ಒಂದು ಮೂಲೆಗೆ ಬಾಗಿ ನೆರಳು ಕೊಡುತ್ತಿತ್ತು. ಆ ನೆರಳಿಗೆ ಕೌದಿ ಹಾಸಿ ನಾನು ಅಡ್ಡಾಗುತ್ತಿದ್ದೆ. ದೂರದಲ್ಲಿ ಭೀಮಾ ನದಿ ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿತ್ತು. ಅಮಾವಾಸ್ಯೆಯ ದಿನ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೊರಟ ಜೀಪುಗಳ ಹಾಡು ಬಂದು ಬಂದು ಕರಗಿ ಹೋಗುತ್ತಿತ್ತು. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಹಾಗೆ ಮಲಗಿದ್ದಾಗ ಕೆನ್ನೆಯ ಹತ್ತಿರವೇ ಆ ಹೂಗಳು ಕಂಡವು.

ಅವು ಯಾರೂ ನೆಟ್ಟವಲ್ಲ. ಅಂಗಿಯ ಗುಂಡಿಯಷ್ಟು ಹೂವು, ನಡುವೆ ಹಳದಿ, ಸುತ್ತ ನಾಲ್ಕೈದು ಬಿಳಿ ಎಸಳು. ಎಸಳಿನ ತುದಿ ಇಲಿ ಕಚ್ಚಿದಂತೆ ಹರಿದಿರುತ್ತದೆ. ಗಿಡ ನೆಲಕ್ಕಂಟಿ ಹರಡಿದರೂ ಹೂವಿನ ದೇಟು ಮಾತ್ರ ಗೇಣುದ್ದ ನೆಟ್ಟಗೆ. ನಮ್ಮ ಕಡೆ ಮಕ್ಕಳು ಮೊಳಕಾಲು ಕೆತ್ತಿಕೊಂಡರೆ ಇದರ ಎಲೆ ಹಿಂಡಿ ರಸ ಬಿಡುತ್ತಾರೆ. ಶಾಲೆಯ ದಾರಿಯಲ್ಲಿ ದೇಟು ಮಡಚಿ ಕುಣಿಕೆ ಮಾಡಿ ಹೂವನ್ನು ಟಪ್ಪೆಂದು ಹಾರಿಸುವ ಆಟ ನಾನೂ ಆಡಿದ್ದೆ. ಹೆಸರು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದು ಬರೀ ಕಸ.

ಆದರೆ ಕಣ್ಣಿನ ಮಟ್ಟಕ್ಕೆ ನೋಡಿದರೆ ಅದು ಬೇರೆಯೇ ಊರು. ಗಾಳಿ ಇಲ್ಲದಾಗಲೂ ದೇಟುಗಳು ಅಲುಗುತ್ತಿದ್ದವು. ಎಲ್ಲಿಂದಲೋ ಬಂದ ಸಣ್ಣ ಚಿಟ್ಟೆ ಒಂದು ಹೂವಿನ ಮೇಲೆ ಕೂತರೆ ಇಡೀ ದೇಟು ಬಾಗಿ ಮತ್ತೆ ಏಳುತ್ತಿತ್ತು. ಒಣಗಿದ ಹೂವು ಹತ್ತಿಯಂತೆ ಅರಳಿ, ಬೀಜ ಒಂದೊಂದಾಗಿ ಹಾರಿ ನಮ್ಮ ಸಂಡಿಗೆಯ ಮೇಲೆ ಇಳಿಯುತ್ತಿತ್ತು. ನಾನು ಅವುಗಳನ್ನು ಆರಿಸಿ ಊದುತ್ತಿದ್ದೆ. ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಬಿಸಿಲೇರಿ ಎಲೆ ಬಾಡತೊಡಗಿದಾಗ ನಾನು ಕುಡಿಯಲು ಒಯ್ದ ತಂಬಿಗೆಯ ನೀರನ್ನು ಅರ್ಧ ಅವಕ್ಕೆ ಸುರಿಯತೊಡಗಿದೆ.

ಸಂಡಿಗೆ ಒಣಗಿ ಡಬ್ಬಿ ಸೇರಿದವು. ಆದರೂ ನಾನು ಮೇಲೆ ಹೋಗುವುದು ಬಿಡಲಿಲ್ಲ, ಅತ್ತೆಯೂ ಯಾಕೆಂದು ಕೇಳಲಿಲ್ಲ.

ಮಳೆಗಾಲ ಹತ್ತಿರ ಬಂದಾಗ ಅವರು ಖುರ್ಪಿ ಹಿಡಿದು ಪಾವಟಿಗೆ ಹತ್ತಿ ಬಂದರು. ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಯ ಕಸ ಕಿತ್ತು, ಹೊಸ ಮಣ್ಣು ಹಾಕಿ ಬಡಿಯಬೇಕು. ಇಲ್ಲದಿದ್ದರೆ ಬೇರಿನ ಗುಂಟ ನೀರು ಒಳಗಿಳಿಯುತ್ತದೆ. ಆಚೆ ತುದಿಯಿಂದ ಕೀಳುತ್ತಾ ಬಂದ ಅತ್ತೆ ನನ್ನ ಕೌದಿಯ ಹತ್ತಿರ ಕುಕ್ಕರಗಾಲಲ್ಲಿ ಕೂತರು.

"ಇವು ಇರ್ಲಿ ಬಿಡ್ರಿ ಅತ್ತಿ," ಎಂದೆ.

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಊರಿಗೆ ಬಂದ ಮೇಲೆ ನಾನಾಗಿ ಬಾಯಿಬಿಟ್ಟು ಕೇಳಿದ ಮೊದಲ ಮಾತು ಅದೇ ಇರಬೇಕು. ಅತ್ತೆ ನನ್ನ ಮುಖ ನೋಡಿದರು, ಹೂಗಳ ಕಡೆ ನೋಡಿದರು.

"ಕಸ ಬೇ ಇದು."

"ಹೌದ್ರಿ. ಆದ್ರೂ ಇರ್ಲಿ."

ಅವರು ಖುರ್ಪಿಯ ಮಣ್ಣು ಸೆರಗಿಗೆ ಒರೆಸಿಕೊಂಡು ಎದ್ದು ಕೆಳಗೆ ಹೋದರು.

ಮಳೆ ಹಿಡಿಯಿತು. ಹೂವಿನ ಮೂಲೆಯ ಕೆಳಗೇ ನಮ್ಮ ಪಡಸಾಲೆ. ಒಂದು ಸಂಜೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಆಗಲೇ ಮನೆಗೆಲಸಕ್ಕೆ ಮೆಲ್ಲಗೆ ಕೈಹಾಕಿದ್ದೆ. ಹೊರಗೆ ಪಡಸಾಲೆಯಲ್ಲಿ ಇಟ್ಟ ಪಾತ್ರೆಗೆ ಹನಿ ಬಿದ್ದು ಟಣ್, ಟಣ್ ಎಂದು ಸದ್ದು. ಮಾವನ ಸಿಟ್ಟಿನ ದನಿ ಕೇಳಿಸಿತು.

"ಎಂದೂ ಸೋರದ ಮಾಳಗಿ ಸೋರಾಕತ್ತದ. ಈ ವರ್ಷ ಕಸ ಕಿತ್ತಿಲ್ಲೇನು ನೀ?"

"ಕಿತ್ತೇನಿ. ಒಂದ್ ಮೂಲಿ ಬಿಟ್ಟೇನಿ."

"ಯಾಕ ಬಿಟ್ಟಿ?"

"ಸೋರ್ಲಿ ಬಿಡ್ರಿ," ಅತ್ತೆಯ ದನಿ ತಗ್ಗಿತು. "ಒಂದ್ ಮೂಲಿ ಸೋರಿದ್ರ ಮನಿ ಬೀಳಂಗಿಲ್ಲ. ಆ ಹುಡುಗಿ ಮಾತಾಡಾಕತ್ಯಾಳ, ಅಷ್ಟು ಸಾಕು."

ಮಾವ ಸೋರುವ ಕಡೆಗೆ ಪಾತ್ರೆ ಸರಿಸಿದ ಸದ್ದು ಬಂತು. ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಹಂಚು ಕಾದು ಹೊಗೆಯಾಡುತ್ತಿತ್ತು. ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ನಾನು ಅತ್ತುಬಿಟ್ಟೆ. ಆಸ್ಪತ್ರೆಯಲ್ಲೂ, ತವರಿನಲ್ಲೂ ಬಾರದ ಅಳು ಅದು. ಅತ್ತೆ ಒಳಗೆ ಬಂದವರು ನನ್ನನ್ನು ಎಬ್ಬಿಸಲಿಲ್ಲ, ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕೂತು ಉಳಿದ ರೊಟ್ಟಿ ತಾವೇ ಬಡಿದರು.

ಮರುದಿನ ಮಳೆ ಬಿಟ್ಟಿತ್ತು. ನಾನೇ ಹೇಳಿದೆ, "ಅತ್ತಿ, ಅವನ್ನ ಕೆಳಗ ಇಳಿಸೋಣ್ರಿ."

ಬೇವಿನ ಮರದ ಮನೆಯವರು ಮುಸಲ್ಮಾನರು, ಆ ಮನೆಯ ಕಾಕಾ ಮನೆ ಕಟ್ಟುವ ಗವಂಡಿ ಕೆಲಸ ಮಾಡುತ್ತಿದ್ದರು. ಅವರು ಸಲಿಕೆ ತಂದು, ಬೇರು ಹರಿಯದಂತೆ ಮಣ್ಣನ್ನು ರೊಟ್ಟಿಯ ಹಾಗೆ ಅಗಲಗಲವಾಗಿ ಎಬ್ಬಿಸಿ ಕೊಟ್ಟರು. "ಅರೇ, ಗುಲಾಬಿ ಬಿಟ್ಟು ಇದಕ್ಕ ಇಷ್ಟ್ಯಾಕ ಜೀವಾ ಬಿಡ್ತೀ ಬೇಟಿ?" ಎಂದು ನಕ್ಕರೂ, ಆ ಮೂಲೆಯನ್ನು ಮತ್ತೆ ಗಟ್ಟಿಯಾಗಿ ಬಡಿದುಕೊಟ್ಟು ಹೋದರು.

ಎಲ್ಲಕ್ಕಿಂತ ಚಂದದ ಗಿಡಗಳನ್ನು ಆರಿಸಿ ನಾನು ಎಣ್ಣೆ ಡಬ್ಬಿಗಳಲ್ಲಿ ಇಟ್ಟೆ. ಗೊಬ್ಬರ ಹಾಕಿದೆ, ಮುಂಜಾನೆ ಸಂಜೆ ನೀರು ಹಾಕಿದೆ. ಅವು ಎಲೆ ದಪ್ಪಗೆ ಬಿಟ್ಟವು, ಹೂ ಬಿಡಲಿಲ್ಲ. ಆಮೇಲೆ ಬುಡ ಕೊಳೆತು ಒಂದೊಂದೇ ಕುಸಿದವು. ಅತ್ತೆ ಉಳಿದ ಗಿಡಗಳ ಮಣ್ಣಿನ ಹೆಂಟೆಗಳನ್ನು ಬಚ್ಚಲ ಗೋಡೆಯ ಹೊರಗೆ, ಕಲ್ಲುಕಲ್ಲಾದ ನೆಲದಲ್ಲಿ ಇಟ್ಟು ಕಾಲಿಂದ ತುಳಿದಿದ್ದರು. ಅಲ್ಲಿ ಅವು ಬಿಳಿಬಿಳಿಯಾಗಿ ಹಬ್ಬಿದವು. ಅದನ್ನು ನೋಡಿ ನಾನೂ ಕಲಿತೆ: ಬೇಸಿಗೆಯಲ್ಲಿ ಆಗೀಗ ಒಂದು ತಂಬಿಗೆ ನೀರು, ಒಣಗಿದ ಬಳ್ಳಿ ಚಿವುಟುವುದು, ಆಡು ಬಾಯಿ ಹಾಕದಂತೆ ಜಾಲಿಮುಳ್ಳು ಅಡ್ಡ ಇಡುವುದು. ಬಿಸಿಲಿಗೆ ಪೂರ್ತಿ ಒಣಗಿ ಸತ್ತಂತೆ ಕಂಡರೂ ಕೀಳಬಾರದು, ಮೊದಲ ಮಳೆಗೆ ಬುಡದಿಂದ ಚಿಗುರುತ್ತದೆ.

ನಾವಿಬ್ಬರೂ ಆ ಸಂಜೆಯ ಮಾತನ್ನು ಎಂದೂ ಆಡಲಿಲ್ಲ. ಹೂವಿನ ಮಾತು ಮಾತ್ರ ಆಡುತ್ತಿದ್ದೆವು. "ಇವತ್ತ ಭಾಳ ಅರಳ್ಯಾವ ನೋಡ್," ಎಂದು ಅತ್ತೆ ಬಚ್ಚಲಿನಿಂದಲೇ ಕೂಗುವರು. ನಾನು ಕೈಯಲ್ಲಿದ್ದದ್ದು ಬಿಟ್ಟು ಹೋಗಿ ನೋಡುವೆನು.

ಹೋದ ಬೇಸಿಗೆಯಲ್ಲಿ ಮಾಳಿಗೆ ತೆಗೆಸಿ ಸ್ಲ್ಯಾಬ್ ಹಾಕಿಸಿದೆವು. ಇಳಿಸಿದ ಮಣ್ಣನ್ನು ಮಾವ ಟ್ರ್ಯಾಕ್ಟರಿನಲ್ಲಿ ಹೊಲದ ದಾರಿಗೆ ಹೊಯ್ಸಿದರು. ಆ ದಾರಿ ಮಳೆಗೆ ಕೆಸರಾಗಿ, ಹವಳಗಾ ಕಾರ್ಖಾನೆಗೆ ಕಬ್ಬು ಒಯ್ಯುವ ಗಾಡಿಗಳು ಹೂತುಕೊಳ್ಳುತ್ತಿದ್ದವು. ಮಳೆಗಾಲ ಮುಗಿದು ನಾವು ಮೂವರೂ ಹೊಲಕ್ಕೆ ಹೊರಟ ಒಂದು ಬೆಳಿಗ್ಗೆ ಮಂಜು ಇನ್ನೂ ಎದ್ದಿರಲಿಲ್ಲ. ತಿರುವು ದಾಟಿದ್ದೇ ಅತ್ತೆ ನಿಂತುಬಿಟ್ಟರು. ಕಣ್ಣು ಹಾಯುವವರೆಗೆ ದಾರಿಯ ನಡುವೆ, ಎರಡು ಗಾಲಿಗೆರೆಗಳ ಮಧ್ಯೆ, ಬಿಳಿ ಹೂವು ಉದ್ದಕ್ಕೂ ಹೋಗಿ ಮಂಜಿನಲ್ಲಿ ಸೇರಿತ್ತು.

"ನಮ್ ಹೊಲಕ್ಕ ನಾವೇ ಕಸ ಬಿತ್ತಿದಂಗಾತು," ಎಂದು ಮಾವ ತಲೆಯ ಮೇಲಿನ ಟಾವೆಲ್ ಸರಿಮಾಡಿಕೊಂಡರು.

"ಹೊಲಕ್ಕ ಎಲ್ಲಿ ಬಂದಾವ್ರಿ? ದಾರಿಗೇ ಅದಾವ," ಎಂದರು ಅತ್ತೆ.

ಮಾವ ಗೊಣಗುತ್ತಾ ಗಾಲಿಗೆರೆ ಹಿಡಿದು ಮುಂದೆ ನಡೆದರು. ಅತ್ತೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದರು, ಇಬ್ಬನಿಗೆ ಸೀರೆ ತೋಯದಂತೆ ನಿರಿಗೆ ಎತ್ತಿಕೊಂಡು ಹೂವಿನ ನಡುವೆಯೇ ಹೊರಟರು. ನಾನು ಅವರ ಹಿಂದೆ ಹೋದೆ.