ಭಾವನ ಆರಿಂಚಿನ ಸ್ಕೇಲು

ಎರೆಹುಳಗಳನ್ನು ಕೊಂದದ್ದು ನಮ್ಮ ಭಾವ. ಹಿಡಿದುಕೊಟ್ಟವಳು ನಾನು. ನೀರು ಹೆಚ್ಚಾಗಿ ಸತ್ತವು ಅಂತ ಇವತ್ತಿಗೂ ಯಾರಾದರೂ ಹೇಳಿದರೆ ಅದು ಸುಳ್ಳು.

ಭಾವ ಅಂದರೆ ನನ್ನ ಗಂಡನ ಅಣ್ಣ. ಭದ್ರಾವತಿಯಲ್ಲಿ ಕಾರ್ಖಾನೆಯ ಲೇತ್ ಮೇಲೆ ಕಬ್ಬಿಣ ಕಡೆದು ರಿಟೈರ್ ಆದವರು. ಅಂಗಿಯ ಜೇಬಿನಲ್ಲಿ ಯಾವಾಗಲೂ ಆರಿಂಚಿನ ಸ್ಟೀಲ್ ಸ್ಕೇಲು. ಭಾನುವಾರ ಶಿವಮೊಗ್ಗದ ನಮ್ಮ ಮನೆಗೆ ಬಂದರೆ ನನ್ನ ಮೊಮ್ಮಕ್ಕಳಿಗೆ ಹೋಳಿಗೆಯನ್ನೂ ಸ್ಕೇಲಿಟ್ಟೇ ಅರ್ಧ ಮಾಡುತ್ತಿದ್ದರು. ಮಾಡಿದ ಕೆಲಸ ಕೆಟ್ಟರೆ ಒಂದೇ ಮಾತು: “ಕೈ ಸರಿ ಇದೆ, ಮಾಲು ಸರಿ ಇಲ್ಲ.” ಅವರು ಕೂರಿಸಿದ ನಲ್ಲಿ ಸೋರಿದಾಗಲೂ ತಪ್ಪು ನಲ್ಲಿಯದೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಕೂರಿಸಿಕೊಂಡು ಪೇಪರು ಓದಲು ಕಲಿಸಿದವರೂ ಅವರೇ. ಅದನ್ನು ಇಲ್ಲ ಅನ್ನುವುದಿಲ್ಲ. ಅದಕ್ಕೇ ಅವರು ಹೇಳಿದ್ದನ್ನೆಲ್ಲ ನಂಬಿದೆ.

ಆಗ ನಮ್ಮ ಬೀದಿಯ ಹೆಂಗಸರ ಸಂಘಕ್ಕೆ ಎರೆಗೊಬ್ಬರದ ಹುಚ್ಚು ಹಿಡಿದಿತ್ತು. ನಾನು ನವುಲೆಯ ಕೃಷಿ ಕಾಲೇಜಿನಿಂದ ಕುಡಿಕೆಯಲ್ಲಿ ಹುಳ ತಂದು, ಹಿತ್ತಲ ತೊಟ್ಟಿಯಲ್ಲಿ ಸಗಣಿ ಹಾಕಿ ನಾಲ್ಕು ತಿಂಗಳು ಸಾಕಿದೆ. ಎಂಟು ಮನೆಗೆ ಹಂಚುತ್ತೇನೆ ಅಂತ ಮಾತು ಕೊಟ್ಟಿದ್ದೆ. ಹಂಚುವ ದಿನಕ್ಕೆ ಒಂದು ವಾರವಿದ್ದಾಗ ನೋಡಿದರೆ ಹುಳ ಸಾಲವು. ಭಾವನ ಹತ್ತಿರ ಹೇಳಿಕೊಂಡೆ.

“ಅದಕ್ಯಾಕೆ ಚಿಂತೆ ಗಿರಿಜಾ? ಒಂದನ್ನ ಕತ್ತರಿಸಿದ್ರೆ ಎರಡಾಗತ್ತೆ.”

“ತಲೆ ಯಾವುದು, ಬಾಲ ಯಾವುದು ಅಂತಲೇ ಗೊತ್ತಾಗಲ್ವಲ್ಲ ಭಾವ.”

“ಗೊತ್ತಾಗ್ಬೇಕಾಗಿಲ್ಲ. ಸೆಂಟರ್ ತಪ್ಪಬಾರ್ದು, ಅಷ್ಟೇ.”

ಮಣೆಯ ಮೇಲೆ ಒಂದೊಂದೇ ಹುಳ ಎಳೆದು ಹಿಡಿದೆ. ಅವರು ಸ್ಕೇಲಿಟ್ಟು, ಉಸಿರು ಬಿಗಿಹಿಡಿದು, ಬ್ಲೇಡಿನಲ್ಲಿ ಸರಿಯಾಗಿ ನಡುವಿಗೆ ಕತ್ತರಿಸಿದರು. ಹುಳ ಅಳತೆಗೆ ನಿಲ್ಲುತ್ತದೆಯೇ? ಒಮ್ಮೆ ಉದ್ದ, ಒಮ್ಮೆ ಗಿಡ್ಡ. “ನೆಟ್ಟಗೆ ಹಿಡಿ” ಅಂತ ನನಗೇ ಬೈದರು. ಎರಡು ತುಂಡೂ ಒದ್ದಾಡಿದವು. “ನೋಡಿದ್ಯಾ, ಎರಡಕ್ಕೂ ಜೀವ ಇದೆ” ಅಂದರು. ನಾಲ್ಕು ತಿಂಗಳು ಸಾಕಿದ್ದನ್ನು ಮಧ್ಯಾಹ್ನದ ಊಟದೊಳಗೆ ಮುಗಿಸಿದೆವು. ತುಂಡುಗಳನ್ನೆಲ್ಲ ತೊಟ್ಟಿಗೇ ಹಾಕಿ ಮೇಲೆ ಗೋಣಿ ಮುಚ್ಚಿದೆ.

ಮೂರನೇ ದಿನಕ್ಕೆ ತೊಟ್ಟಿ ನಾರಿತು. ಭಾನುವಾರ ಎಂಟು ಹೆಂಗಸರೂ ಕುಡಿಕೆ ಹಿಡಿದು ಬಂದರು. ಗೋಣಿ ಎತ್ತಿದರೆ ಒಳಗೆ ಕೊಳೆತ ಲೋಳೆ. ನಾನು ಬಾಯಿ ತೆರೆಯುವ ಮೊದಲೇ ಭಾವ ಅಂದರು, “ಇವಳು ನೀರು ಜಾಸ್ತಿ ಸುರಿದಿದ್ದಾಳೆ ಕಣ್ರಮ್ಮ. ಹೇಳಿದ್ರೆ ಕೇಳಲ್ಲ.”

ನಾಲ್ಕು ಜನರ ಮುಂದೆ ಭಾವನಿಗೆ ಎದುರಾಡುವ ವಾಡಿಕೆ ನಮ್ಮಲ್ಲಿಲ್ಲ. ಗೋಣಿ ಮತ್ತೆ ಮುಚ್ಚಿದೆ. ಅವತ್ತಿನಿಂದ ಸಂಘದಲ್ಲಿ ಚಹಾಕ್ಕೆ ಪಾತ್ರೆ ಇಟ್ಟರೂ ಪಕ್ಕದ ಮನೆಯ ಸೆಲ್ವಿ, “ನೀರು ನೋಡಿ ಹಾಕು ಮಾರಾಯ್ತಿ” ಅನ್ನುವಳು. ಎಲ್ಲರೂ ನಗುವರು. ನನಗೆ ಮೈ ಉರಿಯುತ್ತಿತ್ತು.

ಮರುವರ್ಷ ಭಾವ ಹಾಸಿಗೆ ಹಿಡಿದರು. ನೋಡಲು ಹೋದಾಗ, ಕೋಣೆಯಲ್ಲಿ ಯಾರೂ ಇಲ್ಲದ್ದು ನೋಡಿ ಕೇಳಿದೆ, “ಭಾವ, ಹುಳ ನೀರಿಂದ ಸಾಯ್ಲಿಲ್ಲ ಅಂತ ಒಂದು ಮಾತು ಸೆಲ್ವಿಗೆ ಹೇಳಿ. ಬೇಡ, ನನಗಾದ್ರೂ ಹೇಳಿ.”

ಅವರು ಸೂರು ನೋಡುತ್ತ, “ಕೈ ಸರಿ ಇತ್ತು ಗಿರಿಜಾ” ಅಂದರು.

ತಂದಿದ್ದ ಎಳನೀರು ಅಲ್ಲಿಟ್ಟು ಎದ್ದು ಬಂದೆ. ಅವರನ್ನು ನೋಡಿದ್ದು ಅದೇ ಕೊನೆ.

ತಿಥಿ ಊಟಕ್ಕೆ ಸಂಘದವರೂ ಭದ್ರಾವತಿಗೆ ಬಂದಿದ್ದರು. ಭಾವನ ಅಳತೆ ಒಂದು ದಿನವೂ ತಪ್ಪಿದ್ದಿಲ್ಲ ಅಂತ ಎಲೆ ಮುಂದೆ ಕೂತವರೆಲ್ಲ ಹೊಗಳಿದರು. ನಾನು ಸಾರು ಬಡಿಸುತ್ತಿದ್ದೆ. “ಇದಕ್ಕೆ ನೀರು ಹಾಕಿದ್ದು ನೀನೇನಾ?” ಅಂದಳು ಸೆಲ್ವಿ. ಸಾವಿನ ಮನೆ ಅಂತ, ಸಾರಿನ ಪಾತ್ರೆ ಹಿಡಿದು ಮುಂದಿನ ಎಲೆಗೆ ಹೋದೆ.

ಮಾರನೇ ದಿನ ಬೆಳಿಗ್ಗೆ ಮೊದಲ ಸಿಟಿ ಬಸ್ಸಿಗೆ ನವುಲೆಗೆ ಹೋಗಿ, ಬಾಗಿಲು ತೆಗೆಯುವವರೆಗೂ ಕೂತೆ. ಅಲ್ಲಿನ ಮೇಡಂ ಹೇಳಿದರು, “ಬಾಲದ ತುದಿ ಹೋದ್ರೆ ತಲೆ ಕಡೆಯದು ಬದುಕಿ ಮತ್ತೆ ಬಾಲ ಬೆಳೆಸ್ಕೊಂಡ್ರೂ ಬೆಳೆಸ್ಕೊಳ್ತು. ಈ ಹುಳ ಒಂದು ಎರಡಾಗಲ್ಲಮ್ಮ.” ಕುಡಿಕೆ ತುಂಬ ಹುಳ ಕೇಳಿ ತಂದೆ. ಎಂಟು ಬಾಗಿಲಿಗೂ ಹೋಗಿ ಒಂದೊಂದು ಹಿಡಿ ಕೊಟ್ಟು ಹೇಳಿದೆ: “ನೀರಲ್ಲ, ಬ್ಲೇಡು. ಕತ್ತರಿಸಿದ್ದು ನಮ್ಮ ಭಾವ, ಹಿಡ್ಕೊಂಡಿದ್ದು ನಾನು.”

ಸೆಲ್ವಿಯ ಬಾಗಿಲಲ್ಲಿ ಎರಡು ಸಲ ಹೇಳಿದೆ.