ಜರ್ಮನ್ ಗಾಡಿಯ ಹೆಸರಿನಲ್ಲಿ ಹೇಳಿದ ಸುಳ್ಳು

ಆ ಕಾರಿನ ಬ್ರೇಕು ಫೇಲಾಗಿತ್ತು. ಅದಕ್ಕೆ ಕಾರಣ ನಾನು. ಖಾನಾಪುರದ ಕೋರ್ಟಿನಲ್ಲಿ ನಿಂತು, ಬ್ರೇಕು ಸರಿಯಾಗಿಯೇ ಇತ್ತೆಂದು ಪ್ರಮಾಣ ಮಾಡಿ ಹೇಳಿದವನೂ ನಾನೇ. ಆ ಮಾತಿನಿಂದ ಪುಂಡಲೀಕನೆಂಬ ಡ್ರೈವರ್ ಜೈಲಿಗೆ ಹೋದ. ನಾನು ಬೆಳಗಾವಿಗೆ ಬಂದು ಮರುದಿನ ಬೆಳಿಗ್ಗೆ ಎಂದಿನಂತೆ ಗ್ಯಾರೇಜಿನ ಬಾಗಿಲು ತೆರೆದೆ.

ಇಷ್ಟನ್ನು ಬರೆಯಲು ನನಗೆ ಹನ್ನೆರಡು ವರ್ಷ ಬೇಕಾಯಿತು. ಉಳಿದದ್ದನ್ನೂ ಹೇಳಿಬಿಡುತ್ತೇನೆ—ಈಗ ನಿಲ್ಲಿಸಿದರೆ ಮತ್ತೆ ಶುರುಮಾಡುವ ಧೈರ್ಯ ಬರಲಿಕ್ಕಿಲ್ಲ.

ನನ್ನ ಹೆಸರು ಮಲ್ಲಪ್ಪ. ಎಪ್ಪತ್ತರ ದಶಕದಲ್ಲಿ ಹಿಂದವಾಡಿಯಲ್ಲಿ ನನ್ನ ಮನೆ, ಖಾನಾಪುರ ರಸ್ತೆಯ ಬದಿಗೆ ನನ್ನ ಗ್ಯಾರೇಜು. ಬರುತ್ತಿದ್ದವು ಜೀಪು, ಟೆಂಪೊ, ಹಳೆಯ ಬಾಡಿಗೆ ಕಾರುಗಳು. ಅವುಗಳ ನಡುವೆ ಒಂದೇ ಒಂದು ಜರ್ಮನ್ ಗಾಡಿ. ಅದು ಖಾನಾಪುರದಲ್ಲಿ ಹಂಚಿನ ಕಾರ್ಖಾನೆ ನಡೆಸುತ್ತಿದ್ದ ಭರಮಗೌಡ ಸಾವಕಾರರದು. ಗೋವಾದಲ್ಲಿ ಪೋರ್ತುಗೀಜರ ಕಾಲಕ್ಕೆ ಹಡಗಿನಲ್ಲಿ ಬಂದಿಳಿದ ಕಪ್ಪು ಕಾರು. ಅದರ ಮಾಲಕರು ಊರು ಬಿಟ್ಟು ಹೋಗುವಾಗ ಸಾವಕಾರರು ಕೊಂಡು ತಂದಿದ್ದರು. ಕಂಪನಿಯ ಹೆಸರು ನಾನು ಬರೆಯುವುದಿಲ್ಲ. ತಪ್ಪು ಅದರದ್ದಲ್ಲ.

ಆ ಕಂಪನಿಯ ಚರಿತ್ರೆಯನ್ನು ಸಾವಕಾರರೇ ನನಗೆ ಹೇಳಿದ್ದು. ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು, ನಾನು ಗಾಡಿಯ ಕೆಳಗೆ ಮಲಗಿರುವಾಗ, ಮನೆತನದ ಕತೆ ಹೇಳುವ ಹಾಗೆ ಹೇಳುತ್ತಿದ್ದರು. ಜಗತ್ತಿನಲ್ಲಿ ಮೊದಲು ಮೋಟಾರು ಬಂಡಿ ಕಟ್ಟಿದವರ ಕಂಪನಿಯಂತೆ ಅದು. ಕಟ್ಟಿದವನು ಅದನ್ನು ದೂರಕ್ಕೆ ಒಯ್ಯಲು ಹಿಂದೆಮುಂದೆ ನೋಡುತ್ತಿದ್ದಾಗ ಅವನ ಹೆಂಡತಿ ಗಂಡನಿಗೆ ಹೇಳದೆ, ಮಕ್ಕಳಿಬ್ಬರನ್ನು ಕರೆದುಕೊಂಡು ತವರಿಗೆ ಹೊರಟುಬಿಟ್ಟಳಂತೆ. ದಾರಿಯಲ್ಲಿ ಬ್ರೇಕಿನ ಕಟ್ಟಿಗೆ ಸವೆದಾಗ ಜೋಡು ಹೊಲಿಯುವವನನ್ನು ಹುಡುಕಿ ಚರ್ಮ ಹೊಡೆಸಿಕೊಂಡು ಮುಂದೆ ಹೋದಳಂತೆ. ಆಮೇಲೆ ಯುದ್ಧದಲ್ಲಿ ಬಾಂಬು ಬಿದ್ದು ಕಾರ್ಖಾನೆಗಳು ಮಣ್ಣುಪಾಲಾದವು, ಮತ್ತೆ ಎದ್ದವು. ಇಂಥ ಗಾಡಿಯನ್ನು ಬೆಳಗಾವಿಯಲ್ಲಿ ಮುಟ್ಟಬಲ್ಲವನು ಮಲ್ಲಪ್ಪ ಮಿಸ್ತ್ರಿ ಒಬ್ಬನೇ ಎಂದು ಅವರು ಎಲ್ಲರೆದುರು ಹೇಳುತ್ತಿದ್ದರು. ಆ ಮಾತು ನನ್ನ ತಲೆಗೆ ಏರಿತ್ತು. ಆ ಗಾಡಿ ನನ್ನ ಅಂಗಳದಲ್ಲಿ ನಿಂತ ದಿನ ನಾನು ಬೇರೆಯವರೊಡನೆ ಮಾತಾಡುವ ರೀತಿಯೇ ಬೇರೆಯಾಗುತ್ತಿತ್ತು.

ಒಂದು ಚಳಿಗಾಲ ಅದರ ಬ್ರೇಕು ಸೋರತೊಡಗಿತು. ಬಿಚ್ಚಿ ನೋಡಿದೆ. ಪೆಡಲ್ ಒತ್ತಿದಾಗ ಎಣ್ಣೆಯನ್ನು ನಾಲ್ಕೂ ಗಾಲಿಗಳಿಗೆ ತಳ್ಳುವ ಸಿಲಿಂಡರಿನೊಳಗೆ ಒಂದು ರಬ್ಬರ್ ವಾಷರ್ ಇರುತ್ತದೆ. ಎಂಟಾಣೆ ನಾಣ್ಯದಷ್ಟು ಅಗಲ, ಬಟ್ಟಲಿನ ಆಕಾರ. ಅದು ಸವೆದಿತ್ತು. ಅಸಲಿ ವಾಷರ್ ಮುಂಬಯಿಯಿಂದ ಬರಬೇಕು, ತಿಂಗಳಾದರೂ ಹಿಡಿಯುತ್ತದೆ. ಸಾವಕಾರರ ಮನೆಯಲ್ಲಿ ಮಗಳ ನಿಶ್ಚಯ ಹತ್ತಿರ ಬಂದಿತ್ತು. ಗಾಡಿ ಆ ವಾರವೇ ಬೇಕು ಎಂದರು. ಆಗುವುದಿಲ್ಲ ಎಂದು ಹೇಳಬಹುದಿತ್ತು. ಹೇಳಿದ್ದರೆ ಅವರು ಬೈಯುತ್ತಲೂ ಇರಲಿಲ್ಲ. ಆದರೆ ನನ್ನ ಬಾಯಿಂದ ಆ ಮಾತು—ಆ ಗಾಡಿಯ ವಿಷಯದಲ್ಲಿ ನನ್ನಿಂದ ಆಗುವುದಿಲ್ಲ ಎಂಬ ಮಾತು—ಹೊರಡಲಿಲ್ಲ.

ಬೇರೆ ಗಾಡಿಯ ವಾಷರ್ ತಂದು, ಅಂಚನ್ನು ಬ್ಲೇಡಿನಿಂದ ಹೆರೆದು, ಅಳತೆಗೆ ಕೂರಿಸಿದೆ. ಅಸಲಿಯದೇ ಸಿಕ್ಕಿತು ಎಂದು ಸಾವಕಾರರಿಗೆ ಹೇಳಿದೆ. ಮುಂಬಯಿಗೂ ಕಾಗದ ಬರೆದೆ. ಅಸಲಿ ಬಂದ ಮೇಲೆ ಯಾರಿಗೂ ತಿಳಿಯದಂತೆ ಬದಲಿಸಿದರಾಯಿತು ಎಂದುಕೊಂಡೆ.

ಒಂದು ತಿಂಗಳು ಕಳೆದ ಮೇಲೆ ಪುಂಡಲೀಕ ಗ್ಯಾರೇಜಿಗೆ ಬಂದ. ಅವನು ಸಾವಕಾರರ ಡ್ರೈವರ್. ಮೊದಲು ದಂಡಿನಲ್ಲಿ ಲಾರಿ ಓಡಿಸಿದವನು. ಮನೆಯಲ್ಲಿ ಮರಾಠಿ, ನಮ್ಮೊಡನೆ ಕನ್ನಡ. ಮಾತು ಕಡಿಮೆ. ಪೆಡಲ್ ಒಳಗೆ ಇಳಿಯುತ್ತದೆ, ಎರಡನೇ ಸಲ ಒತ್ತಿದರೆ ಮೇಲೆ ಬರುತ್ತದೆ, ಒಮ್ಮೆ ಬಿಚ್ಚಿ ನೋಡು ಎಂದ. ಅದು ಏನೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಮುಂಬಯಿಯ ಪಾರ್ಸೆಲ್ ಕೂಡ ಹಿಂದಿನ ದಿನ ಬಂದು ಕಪಾಟಿನಲ್ಲಿತ್ತು. ಎರಡು ತಾಸಿನ ಕೆಲಸ. ಆದರೆ ಅಂಗಳದಲ್ಲಿ ನಾಲ್ಕು ಜನ ಗಿರಾಕಿಗಳು ನಿಂತಿದ್ದರು. ಅವರೆದುರು ಬಿಚ್ಚಿದರೆ, ಇವನು ಒಳಗಿನದನ್ನು ನೋಡಿದರೆ—

"ಇದು ಜರ್ಮನ್ ಗಾಡಿ ಐತಿ, ಪುಂಡಲೀಕ" ಎಂದೆ. "ತಪ್ಪು ಇದ್ರ ನಿನ್ನ ಕಾಲಾಗ ಇರ್ತೈತಿ, ಇದರಾಗಲ್ಲ. ಲಾರಿ ತುಳದ ಕಾಲು ಅದು."

ಗಿರಾಕಿಗಳು ನಕ್ಕರು. ಪುಂಡಲೀಕ ತನ್ನ ಬಲಗಾಲನ್ನು ಒಮ್ಮೆ ನೋಡಿಕೊಂಡ. ಗಾಡಿ ಹತ್ತಿ ಹೋದ.

ನಾಲ್ಕನೇ ದಿನ ಅದು ನಡೆಯಿತು. ಸಾವಕಾರರು ಮತ್ತು ಅವರ ಅಕ್ಕ ಪದ್ಮಕ್ಕ ಖಾನಾಪುರದಿಂದ ಬೆಳಗಾವಿಗೆ ಬರುತ್ತಿದ್ದರು. ಪದ್ಮಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು. ದಾರಿಯಲ್ಲಿ ಇಳಿಜಾರು, ಅದರ ಕೊನೆಗೆ ರೈಲ್ವೆ ಗೇಟು. ಗೇಟು ಮುಚ್ಚಿತ್ತು. ಸೈಕಲ್ಲಿನವರು, ಸಂತೆಗೆ ಹೊರಟ ಹೆಂಗಸರು, ಎತ್ತು ಹೂಡಿದ ಎರಡು ಚಕ್ಕಡಿಗಳು ಅಲ್ಲಿ ಕಾಯುತ್ತ ನಿಂತಿದ್ದವು. ಪುಂಡಲೀಕ ಬ್ರೇಕು ಒತ್ತಿದ. ಪೆಡಲ್ ನೆಲಕ್ಕೆ ಹೋಯಿತು. ಮತ್ತೆ ಒತ್ತಿದ. ಹ್ಯಾಂಡ್‌ಬ್ರೇಕು ಎಳೆದರೂ ಗಾಡಿ ನಿಲ್ಲಲಿಲ್ಲ. ಅಷ್ಟು ಜನರ ಮೇಲೆ ಹೋಗುವ ಬದಲು ಅವನು ಸ್ಟೇರಿಂಗು ಎಡಕ್ಕೆ ಎಳೆದು ಗಾಡಿಯನ್ನು ಮಾವಿನ ಮರಕ್ಕೆ ಹೊಡೆಸಿದ. ಗೇಟಿನ ಬಳಿ ಒಬ್ಬರಿಗೂ ಗಾಯವಾಗಲಿಲ್ಲ. ಸಾವಕಾರರ ತೊಡೆಯೆಲುಬು ಮುರಿಯಿತು. ಎಡಬದಿಗೆ ಕೂತಿದ್ದ ಪದ್ಮಕ್ಕ ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಪುಂಡಲೀಕ ಬ್ರೇಕು ಹತ್ತಲಿಲ್ಲ ಎಂದ. ಯಾರೂ ನಂಬಲಿಲ್ಲ. ಅಂಥ ಕಂಪನಿಯ ಗಾಡಿಯ ಬ್ರೇಕು ಹತ್ತದೆ ಇರುತ್ತದೆಯೆ? ಕಾಲು ತಪ್ಪಿ ಎಕ್ಸಲೇಟರ್ ಒತ್ತಿದ್ದಾನೆ ಎಂದು ಎಲ್ಲರೂ ಅಂದರು. ಗಾಡಿಯನ್ನು ಪೊಲೀಸ್ ಠಾಣೆಯ ಹಿತ್ತಲಿನಲ್ಲಿ ನಿಲ್ಲಿಸಿದ್ದರು. ಪರೀಕ್ಷೆ ಮಾಡಬೇಕಾದ ಅಧಿಕಾರಿ ಆ ಗಾಡಿಯನ್ನು ಹಿಂದೆಂದೂ ಬಿಚ್ಚಿದವರಲ್ಲ. ಹಾಗಾಗಿ ನನಗೆ ಹೇಳಿ ಕಳಿಸಿದರು.

ಹೊರಡುವ ಮೊದಲು ಕಪಾಟಿನಿಂದ ಮುಂಬಯಿಯ ವಾಷರ್ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ. ಯಾಕೆ ಹಾಕಿಕೊಂಡೆ ಎಂದು ಬಸ್ಸಿನುದ್ದಕ್ಕೂ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ—ಉತ್ತರ ಗೊತ್ತಿದ್ದೇ ಕೇಳಿಕೊಳ್ಳುತ್ತಿದ್ದೆ. ಠಾಣೆಯ ಪಡಸಾಲೆಯಲ್ಲಿ ಪುಂಡಲೀಕ ಕೂತಿದ್ದ. ಹಣೆಗೆ ಪಟ್ಟಿ. ನನ್ನನ್ನು ಕಂಡದ್ದೇ ಎದ್ದು ನಿಂತ. ಅವನ ಮುಖದಲ್ಲಿ ಗೆಲುವಿತ್ತು.

"ನೀ ಬಂದಿ, ಚೊಲೋ ಆತು ಮಲ್ಲಪ್ಪಣ್ಣ. ಬಿಚ್ಚಿ ನೋಡು. ನಿನಗ ಗೊತ್ತಾಗತೈತಿ."

ಅಧಿಕಾರಿ ಊಟಕ್ಕೆ ಹೋಗಿದ್ದರು. ಕಾವಲಿಗಿದ್ದ ಪೇದೆ ನೆರಳಿಗೆ ಸರಿದು ಬೀಡಿ ಹಚ್ಚಿದ. ನಾನು ಗಾಡಿಯ ಕೆಳಗೆ ಹೊಕ್ಕು ಸಿಲಿಂಡರ್ ಬಿಚ್ಚಿದೆ. ನನ್ನ ವಾಷರ್ ಅಂಚಿನಲ್ಲಿ, ನಾನು ಹೆರೆದ ಕಡೆಗೇ, ಸೀಳಿತ್ತು. ಅದನ್ನು ಜೇಬಿಗೆ ಹಾಕಿಕೊಂಡೆ. ಯಾರದೋ ಬೂಟಿನ ಸಪ್ಪಳ ಹತ್ತಿರ ಬಂದು ಮುಂದೆ ಹೋಯಿತು. ಆಮೇಲೆ ಹೊಸದನ್ನು ಕೂರಿಸಿದೆ, ಎಣ್ಣೆ ತುಂಬಿದೆ. ಪೈಪಿನೊಳಗಿನ ಗಾಳಿ ತೆಗೆಯಬೇಕು ಎಂದು ಪೇದೆಯನ್ನೇ ಕರೆದು ಪೆಡಲ್ ಒತ್ತಿಸಿದೆ. ಅಧಿಕಾರಿ ಬಂದು ಪೆಡಲ್ ತುಳಿದು ನೋಡಿದಾಗ ಅದು ಕಲ್ಲಿನಂತೆ ಗಟ್ಟಿ. ಬ್ರೇಕು ಸರಿ ಇದೆ ಎಂದು ಬರೆದುಕೊಂಡರು. ನಾನು ತಲೆ ಎತ್ತಿ ಪಡಸಾಲೆಯ ಕಡೆ ನೋಡಲಿಲ್ಲ.

ಕೋರ್ಟಿನಲ್ಲಿ ಸರ್ಕಾರಿ ವಕೀಲರು ಆ ಕಂಪನಿಯ ಬಗ್ಗೆ ಹೇಳಿರಿ ಎಂದರು. ಸಾವಕಾರರಿಂದ ಕೇಳಿದ್ದನ್ನೆಲ್ಲ ಹೇಳಿದೆ. ಮೊದಲ ಮೋಟಾರು, ತವರಿಗೆ ಹೊರಟ ಹೆಂಗಸು, ಬ್ರೇಕಿಗೆ ಹೊಡೆಸಿದ ಚರ್ಮ—ಆಗಿನಿಂದಲೂ ಬ್ರೇಕಿನ ಮೇಲೆ ಅವರಿಗೆ ಅಷ್ಟು ಕಾಳಜಿ ಎಂದೆ. ಜನ ಕತೆ ಕೇಳುವಂತೆ ಕೇಳಿದರು. ಹಾಗಾದರೆ ಆ ಗಾಡಿಯ ಬ್ರೇಕು ಒಮ್ಮೆಲೇ ಕೈಕೊಡುತ್ತದೆಯೇ ಎಂದು ವಕೀಲರು ಕೇಳಿದರು.

"ಇಲ್ರಿ" ಎಂದೆ. "ಆ ಕಂಪನಿ ಗಾಡಿ ಹಂಗ ಕೈ ಕೊಡೂದಿಲ್ರಿ."

ಪುಂಡಲೀಕನಿಗೆ ಒಂದೂವರೆ ವರ್ಷ ಶಿಕ್ಷೆಯಾಯಿತು. ಲೈಸೆನ್ಸ್ ಹೋಯಿತು. ಹೊರಬಂದ ಮೇಲೆ ಅವನು ಇನ್ನೊಂದು ಹಂಚಿನ ಭಟ್ಟಿಯಲ್ಲಿ ಮಣ್ಣು ಹೊರುತ್ತಿದ್ದಾನೆ ಎಂದು ಕೇಳಿದೆ. ನಾನು ಆಟೋ ನಗರದಲ್ಲಿ ದೊಡ್ಡ ಗ್ಯಾರೇಜು ಹಾಕಿದೆ. ಕೋರ್ಟಿನಲ್ಲಿ ಜರ್ಮನ್ ಗಾಡಿಯ ಸಾಕ್ಷಿ ಹೇಳಿದ ಮಿಸ್ತ್ರಿ ಎಂದೇ ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು.

ಈ ವರ್ಷ ಒಂದು ದಿನ ಪತ್ರಿಕೆಯಲ್ಲಿ ಆ ಕಂಪನಿಯ ಸುದ್ದಿ ಓದಿದೆ. ಯುದ್ಧದ ಕಾಲಕ್ಕೆ ಸೆರೆಯಾಳುಗಳನ್ನು ಬಲವಂತದಿಂದ ದುಡಿಸಿಕೊಂಡಿದ್ದನ್ನು ಅದು ತಾನಾಗಿ ಬರೆಯಿಸಿ ಹೊರಹಾಕಿದೆಯಂತೆ. ಸಾವಕಾರರ ಕತೆಯಲ್ಲಿ ಅದು ಇರಲಿಲ್ಲ. ಪತ್ರಿಕೆ ಮಡಚಿಟ್ಟೆ. ಅಂದು ಕೆಲಸಕ್ಕೆ ಮನಸ್ಸು ಹತ್ತಲಿಲ್ಲ. ಆದರೂ ನಿಜ ಹೇಳಲು ನಾನು ಎಲ್ಲಿಗೂ ಹೋಗಲಿಲ್ಲ—ಅಷ್ಟರಿಂದಲೇ ನಾನು ಬದಲಾದೆ ಎಂದು ಹೇಳಿದರೆ ಅದೂ ಸುಳ್ಳಾದೀತು.

ಆಮೇಲೆ ಕೆಲವು ದಿನಗಳಿಗೆ ಖಾನಾಪುರದ ಬಸ್ಸಿನಲ್ಲಿ ಪುಂಡಲೀಕನನ್ನು ಕಂಡೆ. ಮುಂದಿನ ಸೀಟಿನಲ್ಲಿ ಕೂತು ಡ್ರೈವರನ ಕಾಲನ್ನೇ ನೋಡುತ್ತಿದ್ದ. ಇಳಿಜಾರು ಬಂದಾಗಲೆಲ್ಲ ಅವನ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ. ಗುರುತು ಹಿಡಿದ. ಸಿಟ್ಟಿಲ್ಲದೆ ಮಾತಾಡಿಸಿದ. ಆ ರೈಲ್ವೆ ಗೇಟು ದಾಟಿದ ಮೇಲೆ ತಾನಾಗಿ ಹೇಳಿದ:

"ಅವತ್ತು ನನ್ನ ಕಾಲು ಎಲ್ಲಿತ್ತು ಅಂತ ಇನ್ನೂ ನೆನಪಾಗವಲ್ದು. ಬ್ರೇಕ್ ಮ್ಯಾಲ ಇತ್ತು ಅಂತ ಅನಸ್ತೈತಿ. ಆದ್ರ ನೀವೆಲ್ಲಾ ಇಲ್ಲ ಅಂದ್ರಿ. ಪದ್ಮಕ್ಕನ್ನ ನಾನೇ ಕೊಂದೆ."

ಅವನು ನನ್ನನ್ನು ಶಪಿಸುತ್ತಿರಬಹುದು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅವನು ನನ್ನ ಮಾತನ್ನು ನಂಬಿದ್ದ.

ಖಾನಾಪುರದ ಸ್ಟ್ಯಾಂಡಿನಲ್ಲಿ ಇಳಿದು, ಗೋಡೆಯ ಬದಿಗೆ ನಿಂತು, ಎಲ್ಲವನ್ನೂ ಹೇಳಿದೆ. ಬ್ಲೇಡು, ವಾಷರ್, ಠಾಣೆಯ ಹಿತ್ತಲು—ಎಲ್ಲ.

"ಅಂದ್ರ ನಾ ಬ್ರೇಕ್ ಒತ್ತಿದ್ದೆ?"

"ಒತ್ತಿದ್ದಿ. ಒಳಗ ಹಿಡಿಯಾಕ ಏನೂ ಇರಲಿಲ್ಲ."

ಅವನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. ಎರಡೂ ಕೈಗಳಿಂದ ಮೊಣಕಾಲು ಹಿಡಿದುಕೊಂಡಿದ್ದ. ಅಳುತ್ತಿರಲಿಲ್ಲ. ಅಳುತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಕೊನೆಗೆ ಎದ್ದು, ನನಗೆ ಹೇಳಿದರೆ ಸಾಲದು, ಸಾವಕಾರರ ಮುಂದೆ ಹೇಳು ಎಂದ. ಅಲ್ಲಿಂದಲೇ ಇಬ್ಬರೂ ನಡೆದು ಹೋದೆವು.

ಸಾವಕಾರರು ಕೋಲು ಹಿಡಿದು ಹೊರಗೆ ಬಂದರು. ನಾನು ನಿಂತೇ ಹೇಳಿದೆ. ಮುಗಿದ ಮೇಲೆ ನನ್ನ ಮುಖವನ್ನೂ ನೋಡದೆ, ತಮ್ಮ ಪಕ್ಕದ ಕುರ್ಚಿಯನ್ನು ಕೈಯಾರೆ ಎಳೆದರು. "ಪುಂಡಲೀಕ, ಕುಂದರ್ರಿ" ಎಂದರು. ಅವನಿಗೆ ಅವರು 'ರೀ' ಹಚ್ಚಿ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಪುಂಡಲೀಕ ಕೂಡಲು ಹಿಂಜರಿದ. ಅವರು ಮತ್ತೊಮ್ಮೆ ಹೇಳಿದ ಮೇಲೆ ಕೂತ. ನನಗೆ ಯಾರೂ ಕೂಡಲು ಹೇಳಲಿಲ್ಲ.

ಮರುದಿನ ಎಲ್ಲವನ್ನೂ ಕೈಬರಹದಲ್ಲಿ ಬರೆದು, ಸಹಿ ಮಾಡಿ, ಠಾಣೆಗೆ ಕೊಟ್ಟೆ. ಪುಂಡಲೀಕ ಜೊತೆಗೆ ಬಂದಿದ್ದ. ಸುಳ್ಳು ಸಾಕ್ಷಿಗೆ ಶಿಕ್ಷೆಯಿದೆ ಎಂದು ಅಲ್ಲಿಯ ಅಧಿಕಾರಿ ಎರಡು ಸಲ ಎಚ್ಚರಿಸಿದರು. ಗೊತ್ತಿದೆ ಎಂದೆ. ಏನಾಗುತ್ತದೆಯೋ ಆಗಲಿ. ಗ್ಯಾರೇಜಿಗೆ ಬೀಗ ಹಾಕಿದ್ದೇನೆ, ಗಿರಾಕಿಗಳಿಗೆ ಕಾರಣವನ್ನೂ ಹೇಳಿದ್ದೇನೆ.

ಠಾಣೆಯ ಮೆಟ್ಟಿಲು ಇಳಿಯುವಾಗ ಪುಂಡಲೀಕ ನಿಂತ.

"ನಾ ನಿನಗ ಮಾಫ್ ಮಾಡಿಲ್ಲ, ಮಲ್ಲಪ್ಪಣ್ಣ. ತಿಳಕೊಂಡಿರು."

ತಿಳಿದುಕೊಂಡಿದ್ದೇನೆ.